ಹೆಸರಿನ ಹಬ್ಬದ ದಿನ ಮನೆಗೆ ಬೀಗ

ಥೆಸಲೋನಿಕಿ, ಮಂಗಳವಾರ

ತಂಗಿ ಮೆಲ್ಪೋ,

ಇಲ್ಲಿನ ಬಿಳಿ ಗೋಪುರ ಬಿಳಿಯಾಗಿಯೇ ಇಲ್ಲ, ಒಣಗಿದ ರೊಟ್ಟಿಯ ಬಣ್ಣ. ಅದಿರಲಿ. ಶುಕ್ರವಾರ ನನ್ನ ಹೆಸರಿನ ಸಂತನ ಹಬ್ಬವಲ್ಲವೇ, ಕರೆಯದೆಯೇ ಊರೆಲ್ಲ ನಮ್ಮ ಮನೆಗೆ ಸಿಹಿ ತಿನ್ನಲು ಬರುವ ದಿನ? ನಾವು ಹೊರಡುವುದೇ ಭಾನುವಾರವೆಂದು ಮಗಳು ಫೋತಿನಿ ಈಗ ಬಾಯಿ ಬಿಟ್ಟಳು.

“ಅಮ್ಮ ಇಲ್ಲ, ಬಂದೋರಿಗೆಲ್ಲ ಯಾರಪ್ಪಾ ಮಾಡಿ ಹಾಕೋದು? ಅದಕ್ಕೇ ನಿನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು.”

“ದಿಸ್ ಈಸ್ ಕಿಡ್ನ್ಯಾಪ್, ಮ್ಯಾಡಮ್,” ಎಂದೆ. ಕಾಲೇಜಿನ ಇಂಗ್ಲಿಷಿನಲ್ಲಿ ಉಳಿದಿರುವುದು ಅಷ್ಟೇ. ಅಳಿಯ ನಕ್ಕ. ನಗುವ ವಿಷಯವೇ ಇದು? ಹೋದ ವರ್ಷ ನಿನ್ನ ಅತ್ತಿಗೆ ತೀರಿಕೊಂಡಿದ್ದಳು, ಬಾಗಿಲು ಹಾಕಿದ್ದನ್ನು ಊರು ಒಪ್ಪಿತು. ಈ ವರ್ಷವೂ ಬೀಗ ಕಂಡರೆ, ಆ ಮನೆಯ ಕಥೆ ಮುಗಿಯಿತೆಂದು ಇನ್ನು ಯಾರೂ ಮೆಟ್ಟಿಲು ಹತ್ತುವುದಿಲ್ಲ.

ಮೊಣಕಾಲು ನೋವು ಕಡಿಮೆಯಿದೆ. ಗುರುವಾರದ ಬಸ್ಸಿಗೆ ಒಬ್ಬನೇ ಹೊರಡುತ್ತೇನೆ, ಅವರು ಬೇಕಾದರೆ ಗೋಪುರ ನೋಡಿಕೊಂಡಿರಲಿ. ಅಂಗಡಿಯದೇ ಆದರೂ ಎರಡು ಡಬ್ಬ ಸಿಹಿ ಕೊಂಡಿದ್ದೇನೆ. ಈ ಕಾರ್ಡು ನನಗಿಂತ ಮೊದಲು ಬಂದರೆ ನಿನ್ನ ಹತ್ತಿರವಿರುವ ಕೀಲಿಯಿಂದ ಬಾಗಿಲು ತೆರೆದಿಡು. ನಾನೇ ಮೊದಲು ಬಂದರೆ ಅದು ತೆರೆದೇ ಇರುತ್ತದೆ, ನೀನು ಬಂದು ಕಾಫಿಗೆ ನೀರಿಡು.

ಜಾಗ ಮುಗಿಯಿತು.
ಅಣ್ಣ ಸ್ತಾಥಿಸ್