ನಾಳೆ ಏಳನ್ನೇ ಎತ್ತಿಕೋ, ನೀಲಗಂಗಜ್ಜಿ

ಹುಬ್ಬಳ್ಳಿ, ೩೦ ಫೆಬ್ರವರಿ ೨೩೧೨

ನೀಲಗಂಗಜ್ಜಿಗೆ, ನಿನ್ನಿಂದ ಹತ್ತನೇ ತಲೆಮಾರಿನ ಚೆನ್ನಗೌರಿಯ ಶರಣು.

ನಿನಗಿನ್ನೂ ಮದುವೆಯೇ ಆಗಿಲ್ಲ, ಅಜ್ಜಿ ಎನ್ನುತ್ತಿದ್ದೇನೆ, ಸಿಟ್ಟಾಗಬೇಡ. ನಮ್ಮ ಫೆಬ್ರವರಿಗೆ ಮೂವತ್ತು ದಿನ, ನಮ್ಮ ಮಾತೂ ನಿನಗೆ ವಿಚಿತ್ರವೆನಿಸಬಹುದು. ಹೊಟ್ಟೆಗೆ ಹಾಕಿಕೋ.

ಇಂದು ನನ್ನ ಮಗಳ ಮದುವೆ. ನಿನ್ನೆಯ ಬಿಸಿಲನ್ನು ಕೂಡಿಟ್ಟು ಉರಿಯುವ ಬಿಸಿಲೊಲೆಯ ಮೇಲೆ ಹೋಳಿಗೆ ಬೇಯುತ್ತಿವೆ. ನಮ್ಮ ಮನೆತನದಲ್ಲಿ ಅಕ್ಷತೆಗೆ ಮೊದಲು ನಂಬರ್ ಶಾಸ್ತ್ರ ನಡೆಯಲೇಬೇಕು. ಕಂಪ್ಯೂಟರಿನ ಮಿದುಳೆನ್ನುವ ಹಳೆಯ ಪ್ರೊಸೆಸರೊಂದರ ಮಾದರಿ ಸಂಖ್ಯೆಯನ್ನು ಮದುಮಗಳು ಬೇಕೆಂದೇ ತಪ್ಪು ಓದುತ್ತಾಳೆ, ಮದುಮಗ ತಿದ್ದುತ್ತಾನೆ. ಹೆಸರಿಗಂಟಿದ ಐದು, ಏಳು ಬರೀ ದರ್ಜೆ. ಅದರ ಮುಂದಿನ ಸಂಖ್ಯೆಯ ಮೊದಲ ಅಂಕಿಗಳೇ ಅದು ಎಷ್ಟನೇ ತಲೆಮಾರಿನದೆಂದು ಹೇಳುವುದು. ಕೊನೆಯ ಅಕ್ಷರ ಸ್ವಭಾವ: ಯು ಎಂದರೆ ಬ್ಯಾಟರಿ ಉಳಿಸುವ ಜಿಪುಣ, ಎಚ್ ಎಂದರೆ ಮೈಮುರಿದು ದುಡಿಯುವವನು. ನೆಂಟರು ಚಪ್ಪಾಳೆ ತಟ್ಟಿ ನಗುತ್ತಾರೆ.

ಈ ಶಾಸ್ತ್ರ ಹುಟ್ಟಿದ್ದು ನಿನ್ನಿಂದಲೇ. ಊರವರ ಮದುವೆ ವಿಡಿಯೊ ಎಡಿಟ್ ಮಾಡಲೆಂದು, ನಿನ್ನ ಕಾಲದ ನಾಳೆ, ನೀನು ಲ್ಯಾಪ್‌ಟಾಪ್ ಅಂಗಡಿಗೆ ಹೋಗುತ್ತೀ. ದೊಡ್ಡದೇ ಇರಲಿ ಎಂದು ಹೊಸ ಐದನ್ನು ಬಿಟ್ಟು ಏಳನ್ನು ಹಿಡಿಯುತ್ತೀ. ಅದೋ ನಾಲ್ಕು ತಲೆಮಾರು ಹಳೆಯದು, ಸಾಲದ್ದಕ್ಕೆ ಕೊನೆಗೆ ಯು! ಕೌಂಟರಿನ ಗುರುಸಿದ್ದನ ಬಾಯಿ ಸುಮ್ಮನಿರುತ್ತದೆಯೇ?

“ಏನ್ರೀ ಮೇಡಮ್ಮಾರ, ಹೊಸಾ ಹುಡುಗನ್ನ ಬಿಟ್ಟು ಮುದುಕನ್ನ ಕರಕೊಂಡ್ ಹೊಂಟೀರಲ್ಲ!”

“ನಿಮ್ಮನ್ನ ಯಾರ್ ಕೇಳಿದ್ರು?” ಎಂದು ನೀನು ರೇಗುತ್ತೀ. ಜಗಳ ಚಹಾದವರೆಗೆ ಹೋಗುತ್ತದೆ, ಚಹಾ ಮದುವೆಯವರೆಗೆ.

ಈಗ ನನ್ನ ಗೋಳು ಕೇಳು. ನನ್ನ ಸೋದರಮಾವ ಕಲ್ಲಪ್ಪ ಒಳ್ಳೆಯ ಮನಸ್ಸಿನ ಪೆದ್ದ. ಅಜ್ಜಿ ಮೋಸ ಹೋಗಬಾರದೆಂದು ‘ಐದನ್ನೇ ತಗೋ’ ಎಂದು ಬರೆದು, ಕಳೆದ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆಗೆ ಹಾಕಿಬಂದಿದ್ದಾನೆ! ಅಯ್ಯೋ ಶಿವನೇ, ಮಾಡಿದ ಉಪಕಾರವೇ! ನೀನು ನೆಟ್ಟಗೆ ಐದನ್ನೇ ಕೇಳಿದರೆ ಗುರುಸಿದ್ದ ಬಿಲ್ ಕೊಟ್ಟು ಕಳಿಸುತ್ತಾನೆ, ಅಷ್ಟೇ. ಜಗಳವಿಲ್ಲ, ಚಹಾ ಇಲ್ಲ, ನಾನಿಲ್ಲ, ಈ ಮಂಟಪದಲ್ಲಿ ನನ್ನ ಮಗಳೂ ಇಲ್ಲ.

ನಿನ್ನ ಕಾಲಿಗೆ ಬೀಳುತ್ತೇನೆ, ತಾಯಿ, ಮಾವನ ಮಾತು ಕೇಳಬೇಡ. ಏಳನ್ನೇ ಎತ್ತಿಕೋ, ಗುರುಸಿದ್ದ ಬಾಯಿ ತೆರೆಯುವವರೆಗೆ ಕೆಳಗಿಡಬೇಡ. ಆಮೇಲೆ ಬೇಕಾದರೆ ಐದನ್ನೇ ಕೊಂಡುಕೋ, ಲ್ಯಾಪ್‌ಟಾಪ್ ಅದೇ ಚಲೋ.

ವಾಲಗ ಶುರುವಾಯಿತು, ಮಗಳು ಕರೆಯುತ್ತಿದ್ದಾಳೆ. ಇನ್ನೊಂದೇ ಮಾತು. ಗುರುಸಿದ್ದ ಸಂಖ್ಯೆಯ ಅರ್ಥ ಬಿಡಿಸಿ ಹೇಳುವಾಗ, ಈ ಕಾಗದ ಓದಿದ ನಿನಗೆಲ್ಲ ಗೊತ್ತಿರುತ್ತದೆ. ಆದರೂ, “ತಿಳೀಲಿಲ್ರೀ, ಇನ್ನೊಮ್ಮೆ ಹೇಳ್ರಿ” ಅನ್ನು.