ಹನ್ನೊಂದನೆಯ ಅಧ್ಯಾಯದ ಬಗ್ಗೆ ನನ್ನ ಅಭಿಪ್ರಾಯ

ಸಂಡೂರು,
ಗುರುವಾರ, 12 ಜೂನ್ 2025

ಪ್ರೀತಿಯ ಅಮ್ಮನಿಗೆ,

ಮೇಧಾಳ ನಮಸ್ಕಾರಗಳು. ಅಪ್ಪನಿಗೂ ತಿಳಿಸು. ನೀವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮದ ಮಾತು ಮುಂದೆ ಬರುತ್ತದೆ. ಮೊದಲ ಸಾಲಿನಲ್ಲೇ ಸುಳ್ಳು ಬರೆಯಲು ಮನಸ್ಸಾಗಲಿಲ್ಲ.

ನಿನ್ನ ಕಾದಂಬರಿಯ ಕರಡು ಪ್ರತಿ ಕೊರಿಯರ್‌ನಲ್ಲಿ ಬಂದು ಹತ್ತು ದಿನವಾಯಿತು. ಇಪ್ಪತ್ತೆಂಟು ವಾರ ಸಾವಿರಾರು ಹೆಂಗಸರು ಮೊಬೈಲಿನಲ್ಲಿ ಕಾದು ಕುಳಿತು ಓದಿದ ಕಥೆ ಈಗ ಪುಸ್ತಕವಾಗುತ್ತಿದೆ ಎಂದರೆ ನನಗೂ ಹೆಮ್ಮೆಯೇ. ಮೊದಲ ಪುಟದ ಮೇಲೆ ನೀನು ಪೆನ್ಸಿಲಿನಲ್ಲಿ ಬರೆದಿದ್ದೀ: ಚಿಕ್ಕಂದಿನಿಂದ ಓದಿದವಳು ನೀನು, ಮುಲಾಜಿಲ್ಲದೆ ಅಭಿಪ್ರಾಯ ಹೇಳು ಎಂದು. ಫೋನಿನಲ್ಲಿ ಹೇಳಲಾರೆ. ಫೋನಿನ ಮಾತೆಲ್ಲ ಸ್ಪೀಕರ್ ಹಾಕಿಯೇ ಆಡಬೇಕೆಂಬುದು ಈ ಮನೆಯ ಕ್ರಮ. ಅದಕ್ಕೇ ಈ ಕಾಗದ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನಿನ್ನಷ್ಟು ಚೆನ್ನಾಗಿ ಅಡುಗೆಮನೆಯನ್ನು ಬರೆಯುವವರು ಕಡಿಮೆ. ನಿನ್ನ ನಾಯಕಿ ಪರ್ಣಿಕಾಳ ಅತ್ತೆ ದ್ವಾದಶಿಯ ಬೆಳಿಗ್ಗೆ ತನಗೇನೂ ಹಸಿವಿಲ್ಲವೆಂಬ ಮುಖ ಮಾಡಿಕೊಂಡು ಒಲೆಯ ಸುತ್ತ ಸುಳಿದಾಡುವುದನ್ನು ಓದಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಮದುವೆಗೆ ಮೊದಲು ಪರ್ಣಿಕಾ ಕಾಲುವೆಯ ಏರಿಯ ಮೇಲೆ ಕುಳಿತು ಓದುವ ಪುಟಗಳಂತೂ ನಾನು ಬೆಳೆದ ನಮ್ಮ ಡ್ಯಾಂ ಕ್ವಾರ್ಟರ್ಸೇ. ನನಗೆ ಹದಿನಾರಾಗಿದ್ದಾಗ ಅಕೌಂಟೆನ್ಸಿ ಪುಸ್ತಕದೊಳಗೆ ವಾರಪತ್ರಿಕೆ ಇಟ್ಟುಕೊಂಡು ಧಾರಾವಾಹಿ ಓದುತ್ತಿದ್ದೆನಲ್ಲ, ನೀನು ಹಿಡಿದೆ. ಬೈಯುತ್ತೀ ಅಂದುಕೊಂಡೆ. ನೀನು, ಮುಂದಿನ ವಾರದಿಂದ ಮೊದಲು ನನಗೆ ಕೊಡು ಅಂದೆ. ಅವತ್ತಿನಿಂದ ನಾವಿಬ್ಬರೂ ತಾಯಿಮಗಳಿಗಿಂತ ಹೆಚ್ಚಾಗಿ ಓದುಗೆಳತಿಯರಾಗಿದ್ದೆವು. ಅದನ್ನು ನಾನು ಮರೆತಿಲ್ಲ.

ಅಂಥ ಕಥೆಗಳನ್ನು ನೂರಾರು ಓದಿದವಳಾಗಿ ಹೇಳುತ್ತೇನೆ ಅಮ್ಮ. ಅವುಗಳಲ್ಲಿ ನಾಯಕನ ಸಿಟ್ಟಿಗೆ ಯಾವಾಗಲೂ ಒಂದು ಕಾರಣವಿರುತ್ತದೆ. ಚಿಕ್ಕಂದಿನಲ್ಲೇ ತಾಯಿ ಸತ್ತಿರುತ್ತಾಳೆ, ಇಲ್ಲವೇ ಮೊದಲು ಪ್ರೀತಿಸಿದವಳು ಕೈಕೊಟ್ಟಿರುತ್ತಾಳೆ. ಹತ್ತೊಂಬತ್ತು ಕಂತು ಅವನು ಗುಡುಗುತ್ತಾನೆ, ಇಪ್ಪತ್ತನೆಯದರಲ್ಲಿ ಅಳುತ್ತಾನೆ, ಅಷ್ಟಕ್ಕೆ ಎಲ್ಲ ಸರಿಹೋಗುತ್ತದೆ. ನಾಯಕಿಯ ಸಿಟ್ಟಿಗೆ ಮಾತ್ರ ಯಾರೂ ಕಾರಣ ಹುಡುಕುವುದಿಲ್ಲ, ಅದು ಹಟ. ಅವಳಿಗೆ ಮುಟ್ಟಿನ ಹೊಟ್ಟೆನೋವು ಬರುವುದಿಲ್ಲ. ಜೋರಾಗಿ ನಗುವ ಹೆಂಗಸೊಬ್ಬಳು ಕಥೆಯಲ್ಲಿದ್ದರೆ ಅವಳು ಕೆಟ್ಟವಳೇ, ಕೊನೆಗೆ ಒಂಟಿಯಾಗುತ್ತಾಳೆ. ಇದೆಲ್ಲ ಗೊತ್ತಿದ್ದೂ ಓದಿದೆ, ಕಣ್ಣೀರು ಹಾಕಿದೆ, ಮತ್ತೆ ಓದಿದೆ. ಬಿಸಿ ಮಿರ್ಚಿ ಬಜ್ಜಿಯ ಹಾಗೆ, ಹೊಟ್ಟೆ ಉರಿಯುತ್ತದೆಂದು ಗೊತ್ತಿದ್ದೂ ಇನ್ನೊಂದು.

ನನ್ನ ನಾದಿನಿ ಶ್ರೀಪ್ರಿಯಾಳ ವಯಸ್ಸಿನ ಹುಡುಗಿಯರು ಈಗ ಓದುವುದು ಕಾಲೇಜಿನ ಕಥೆಗಳನ್ನು. ಅವಳಿಗೆ ಹದಿನೆಂಟು. ಹೊಸಪೇಟೆಯಲ್ಲಿ ನನ್ನ ಅತ್ತೆ-ಮಾವನ ಜೊತೆ ಇದ್ದು ಬಿ.ಕಾಂ. ಓದುತ್ತಿದ್ದಾಳೆ, ರಜೆಗೆ ಇಲ್ಲಿಗೆ ಬರುತ್ತಾಳೆ. ಆ ಕಥೆಗಳ ಹುಡುಗ ಕಪ್ಪು ಬೈಕಿನಲ್ಲಿ ಬಂದು ಹುಡುಗಿಯ ಮಣಿಕಟ್ಟು ಹಿಡಿಯುತ್ತಾನೆ, ಬಳೆ ಒಡೆಯುತ್ತವೆ, ಬೇರೆ ಯಾರ ಜೊತೆಯೂ ಮಾತಾಡಬೇಡ ಅನ್ನುತ್ತಾನೆ. ಹುಡುಗಿಯ ಎದೆ ಢವಢವ ಅನ್ನುತ್ತದೆ. ಹೆದರಿಕೆಯಿಂದಲೂ ಎದೆ ಹಾಗೆಯೇ ಅನ್ನುತ್ತದೆಂದು ಅವಳಿಗೆ ಯಾರೂ ಹೇಳಿಲ್ಲ. ಅಂಥವನೊಬ್ಬ ಸಿಗಬೇಕು ವೈನಿ ಅಂತ ಅವಳು ನನ್ನೆದುರಿಗೇ ಅನ್ನುತ್ತಿದ್ದಳು. ನಾನೂ ನಗುತ್ತಿದ್ದೆ.

ಈಗ ನಿನ್ನ ಹನ್ನೊಂದನೆಯ ಅಧ್ಯಾಯಕ್ಕೆ ಬರುತ್ತೇನೆ.

ಪರ್ಣಿಕಾಳ ಗಂಡ ವೇದಾಂತ್ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಾನೆ. ಪರ್ಣಿಕಾ ಮೊದಲು ಸಿಟ್ಟಾಗುತ್ತಾಳೆ. ಆಮೇಲೆ ಅವನ ತಂಗಿ ಹಿಂದೆ ಮನೆ ಬಿಟ್ಟು ಹೋದವಳು ತಿರುಗಿ ಬರಲೇ ಇಲ್ಲವೆಂದು ಗೊತ್ತಾಗಿ, ಆ ಬೀಗವನ್ನೇ ತಾಳಿಯ ಹಾಗೆ ಕಣ್ಣಿಗೊತ್ತಿಕೊಳ್ಳುತ್ತಾಳೆ. ಇದಕ್ಕೆ ಓದುಗರು ಎರಡು ಸಾವಿರ ಹೃದಯದ ಚಿಹ್ನೆ ಒತ್ತಿದ್ದರು.

ಆ ಬೀಗ ನನ್ನದು ಅಮ್ಮ.

ಹೋದ ದಸರೆಗೆ ನಾನು ಒಂದು ಬ್ಯಾಗ್ ಹಿಡಿದು ಡ್ಯಾಂಗೆ ನಿಮ್ಮ ಹತ್ತಿರ ಬಂದೆನಲ್ಲ, ಒಂಬತ್ತು ದಿನ ಇದ್ದೆ. ಶೇಂಗಾ ಸುಲಿಯುತ್ತ ಎಲ್ಲ ಹೇಳಿದೆ. ಮೈನ್ಸ್ ಆಫೀಸಿಗೆ ಹೋಗುವಾಗ ಇವರು ವರಾಂಡದ ಗ್ರಿಲ್‌ಗೆ ದಿನವೂ ಬೀಗ ಹಾಕುತ್ತಾರೆಂದೂ, ಕೇಳಿದರೆ, "ದರೋಜಿ ಕಾಡಿಂದ ಕರಡಿ ಬರ್ತಾವ, ನಿನ್ನ ಒಳ್ಳೇದಕ್ಕ" ಅನ್ನುತ್ತಾರೆಂದೂ, ಕರಡಿಗೆ ಚಿಲಕ ತೆಗೆಯಲು ಬರುತ್ತದೇನು ಅಂತ ಒಮ್ಮೆ ಕೇಳಿದ್ದಕ್ಕೆ ನಾಲ್ಕು ದಿನ ಮಾತು ಬಿಟ್ಟರೆಂದೂ ಹೇಳಿದೆ. ನೀನು ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತ ಕೇಳಿದೆ. ಹಾಗೆ ನನ್ನ ಮಾತನ್ನು ಯಾರೂ ಕೇಳಿರಲಿಲ್ಲ. ಎಲ್ಲ ಮುಗಿಯಿತು, ಅಮ್ಮನಿಗೆ ತಿಳಿಯಿತು ಅಂತ ಹಗುರಾದೆ. ಹತ್ತನೆಯ ದಿನ ನೀನೂ ಅಪ್ಪನೂ ನನ್ನನ್ನು ಬಸ್ಸಿನಲ್ಲಿ ಕರೆತಂದು ಇಲ್ಲಿ ಬಿಟ್ಟಿರಿ. ಅಪ್ಪ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ಮತ್ತೇನು ಬೇಕು ಅಂತ ನೀನು ನಾಲ್ಕು ಸಲ ಕೇಳಿದೆ. ತಿಂಗಳು ತುಂಬುವುದರೊಳಗೆ ನಿನ್ನ ಈ ಕಥೆಯ ಮೊದಲ ಕಂತು ಬಂತು.

ಸಿಟ್ಟು ಬರಲಿಲ್ಲ ಅಂದರೆ ನಂಬುತ್ತೀಯಾ? ಮೊದಲು ಆಸೆ ಬಂತು. ಎದುರಿಗೆ ಹೇಳಲಾಗದ್ದನ್ನು ಅಮ್ಮ ಕಥೆಯಲ್ಲಿ ಹೇಳುತ್ತಾಳೆ, ಪರ್ಣಿಕಾಳಿಗೆ ಒಂದು ದಾರಿ ಮಾಡುತ್ತಾಳೆ, ಅದನ್ನು ನೋಡಿಕೊಂಡು ನಾನು ನಡೆದರಾಯಿತು ಅಂತ ಪ್ರತಿ ವಾರ ಕಾದೆ. ಹನ್ನೊಂದನೆಯ ಕಂತು ಬಂತು. ಅದನ್ನು ಇವರೂ ಓದಿದರು. ಕಥೆ ಕಾದಂಬರಿ ಎಂದರೆ ಮೂಗು ಮುರಿಯುತ್ತಿದ್ದವರು ಅವತ್ತು ಆಫೀಸಿನಿಂದ ಜಿಲೇಬಿ ತಂದರು. "ನೋಡು, ನಿಮ್ಮಮ್ಮಗ ನಾ ಅರ್ಥ ಆಗೇನಿ. ನಿನಗಷ್ಟ ಆಗಿಲ್ಲ" ಅಂದರು. ಅಲ್ಲಿಂದ ಇತ್ತ ನಾನು ಏನಾದರೂ ಹೇಳಹೊರಟರೆ ವೇದಾಂತನ ಮಾತುಗಳನ್ನೇ ಹೇಳುತ್ತಾರೆ. ಮೊದಲು ಅವರ ಹತ್ತಿರ ಬರೀ ಬೀಗವಿತ್ತು. ನೀನು ಅದಕ್ಕೆ ಮಾತು ಬರೆದುಕೊಟ್ಟೆ.

ಆ ಕಂತಿನ ಕೆಳಗೆ ಒಬ್ಬ ಓದುಗಾರ್ತಿ, ಹೊರಗಿನಿಂದ ಬೀಗ ಹಾಕುವುದು ಪ್ರೀತಿಯಲ್ಲ, ಲೇಖಕಿ ಒಂದು ದಿನ ಹಾಗೆ ಒಳಗೆ ಕುಳಿತು ನೋಡಲಿ ಅಂತ ಬರೆದಿದ್ದಳು. ನೀನು ಅದನ್ನು ಅಳಿಸಿ ಅವಳನ್ನು ಬ್ಲಾಕ್ ಮಾಡಿದೆ. ಹೊಟ್ಟೆಕಿಚ್ಚಿನವರು ಅಂತ ನನಗೇ ಫೋನ್ ಮಾಡಿ ಹೇಳಿಕೊಂಡೆ. ಅದು ನಾನು. ಸಂಕ್ರಾಂತಿಗೆ ಬಂದಿದ್ದ ಶ್ರೀಪ್ರಿಯಾಳ ಫೋನಿನಿಂದ ಬರೆದಿದ್ದೆ. ಹೌದಮ್ಮ, ಯಾರಿರಬಹುದು ಅಂತ ಫೋನಿನಲ್ಲಿ ನಾನೂ ಆಶ್ಚರ್ಯಪಟ್ಟೆ. ಇವರು ಪಕ್ಕದಲ್ಲೇ ಕುಳಿತಿದ್ದರು.

ಇನ್ನು ಹೋದ ಶುಕ್ರವಾರ ನಡೆದದ್ದು. ನಿನಗೆ ತಿಳಿದಿರುವುದು ಇವರು ಹೇಳಿದಷ್ಟೇ. ಅದರಲ್ಲಿ ಸುಳ್ಳಿಲ್ಲ. ಉಳಿದದ್ದನ್ನು ಮುಚ್ಚಿಟ್ಟವಳು ನಾನು.

ಬೆಳಿಗ್ಗೆ ಹತ್ತೂವರೆಗೆ, ರಜೆಗೆ ಬಂದಿದ್ದ ಶ್ರೀಪ್ರಿಯಾ ಸಾರಿನ ಪಾತ್ರೆ ಇಳಿಸಲು ಹೋದಳು. ಇಕ್ಕಳ ಜಾರಿ ಕುದಿಯುವ ಸಾರು ಎಡಗಾಲಿನ ಮೇಲೆ ಸುರಿಯಿತು. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಕಾಲನ್ನು ನೀರಿನ ಬಕೆಟ್ಟಿನಲ್ಲಿ ಇಡಿಸಿ ಇವರಿಗೆ ಫೋನ್ ಮಾಡಿದೆ. ಇವರು ಮೈನ್ಸ್ ಗುಡ್ಡದ ಮೇಲೆ ಹೋದರೆ ಫೋನ್ ಸಿಗುವುದಿಲ್ಲ. ಕೂಗು ಕೇಳಿ ಇಲ್ಲಿನ ಕ್ವಾರ್ಟರ್ಸ್ ಗುಡಿಸುವ ಜಂಬವ್ವ ಓಡಿ ಬಂದಳು. ಗ್ರಿಲ್ ಅಲ್ಲಾಡಿಸಿ ನೋಡಿದಳು, ಮತ್ತೆ ಓಡಿದಳು, ಕಬ್ಬಿಣದ ಹಾರೆ ತಂದಳು. "ಅಮ್ಮಾರ, ಒಡೀಲೇನ್ರಿ?" ಅಂದಳು.

ನಾನು, "ಬ್ಯಾಡ ಜಂಬವ್ವ, ಅವ್ರು ಬರ್ತಾರ" ಅಂದೆ.

ಒಂದು ಸಲವಲ್ಲ, ಮೂರು ಸಲ ಅಂದೆ. ಹೀಗೇ ಒಂದೂಮುಕ್ಕಾಲು ಗಂಟೆ ಕಳೆಯಿತು. ನನ್ನ ಕಣ್ಣೆದುರಿಗೇ ಆ ಮಗುವಿನ ಕಾಲಿನ ಚರ್ಮ ಉಬ್ಬಿ ನೀರಾಡುತ್ತಿತ್ತು. ನನ್ನ ತಲೆಯಲ್ಲಿದ್ದದ್ದು ಮಾತ್ರ ಒಡೆದ ಬೀಗ ನೋಡಿ ಇವರ ಮುಖ ಹೇಗಾಗುತ್ತದೆ ಎಂಬುದು. ಬೀಗ ಹೊರಗಿದೆ ಅಂತ ಮೂರು ವರ್ಷ ಅಂದುಕೊಂಡಿದ್ದೆ. ಅವತ್ತು ಅದು ನನ್ನ ಬಾಯಿಂದ ಮಾತಾಡಿತು.

ಕೊನೆಗೆ ಶ್ರೀಪ್ರಿಯಾಳೇ ಗೋಡೆ ಹಿಡಿದು ಎದ್ದಳು. "ಒಡೀರಿ ಜಂಬವ್ವ. ನಮ್ಮಣ್ಣಗ ನಾ ಹೇಳ್ತೀನಿ" ಅಂದಳು. ಮೂರು ಪೆಟ್ಟು, ಅಷ್ಟೇ. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಇಷ್ಟು ತಡ ಯಾಕೆ ಮಾಡಿದಿರಿ ಅಂತ ಡಾಕ್ಟರ್ ಬೈದರು. ಶ್ರೀಪ್ರಿಯಾ ನನ್ನನ್ನು ಬಿಟ್ಟುಕೊಡದೆ ಆಟೋ ಸಿಗಲಿಲ್ಲ ಅಂದಳು. ನಾನು ತಲೆ ಎತ್ತಲಿಲ್ಲ. ಕಲೆ ಉಳಿಯುತ್ತದಂತೆ.

ಸಂಜೆ ಇವರು ಬಂದು ಮೊದಲು ಕೇಳಿದ್ದು, "ಕೀಲಿ ಯಾರು ಒಡದ್ರು?" ಅಂತ. ಒಳಗೆ ಹೋಗಿ ತಂಗಿಯ ಕಾಲು ನೋಡಿದ್ದು ಆಮೇಲೆ. ಕೂಗಾಡಲಿಲ್ಲ. ನಿನಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆಗ ನೀನು ಅಂದದ್ದು ನೆನಪಿದೆಯೇ? "ಪಾಪ, ಕಾಲಿಗೆ ಹಂಗಾಗಬಾರದಿತ್ತು. ಆದ್ರ ಗಂಡ ಬರೂತನಕ ತಡೀಬೇಕಿತ್ತು ಮೇಧಾ. ಕೀಲಿ ಒಡಸ್ಬಾರದಿತ್ತು." ಇವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಫೋನ್ ಇಡುವ ಮೊದಲು ನೀನೇ ಮತ್ತೆ, "ಅಂದಂಗ, ಕರಡು ಓದಿದೇನು? ಖರೇ ಅಭಿಪ್ರಾಯ ಹೇಳಬೇಕು ನೋಡು" ಅಂದೆ.

ಖರೇ ಅಭಿಪ್ರಾಯ ಇದು. ಕಾದಂಬರಿ ಚೆನ್ನಾಗಿದೆ. ಓದಿಸಿಕೊಂಡು ಹೋಗುತ್ತದೆ. ಅದೇ ನನ್ನ ಭಯ. ಕೆಟ್ಟದಾಗಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಶ್ರೀಪ್ರಿಯಾ ನಂಬಿದ್ದಳು. ನಾನೂ ಅರ್ಧ ನಂಬಿದ್ದೆ. ಬರೆಯಬೇಡ ಅನ್ನುವುದಿಲ್ಲ. ನಿನಗೆ ಬರೆಯುವುದೆಂದರೆ ಉಸಿರಾಟ, ನನಗೆ ಗೊತ್ತು. ಪುಸ್ತಕ ಮಾಡಬೇಡ ಅನ್ನುವ ಹಕ್ಕೂ ನನಗಿಲ್ಲವೇನೋ. ಹನ್ನೊಂದನೆಯ ಅಧ್ಯಾಯವನ್ನು ಮಾತ್ರ ಇನ್ನೊಮ್ಮೆ ಓದು. ಒಬ್ಬಳೇ, ಬಾಗಿಲು ಹಾಕಿಕೊಂಡು, ಗಟ್ಟಿಯಾಗಿ ಓದು. ಪರ್ಣಿಕಾ ಅಂತ ಬರುವಲ್ಲೆಲ್ಲ ಮೇಧಾ ಅನ್ನು.

ಇನ್ನೊಂದು ಮಾತನ್ನು ಕೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಆ ಬೀಗದ ಸಾಲುಗಳನ್ನು ಬರೆಯುವಾಗ ನಿನ್ನ ಕೈ ಎಲ್ಲೂ ನಿಲ್ಲಲಿಲ್ಲವೇ ಅಮ್ಮ? ನನಗೆ ಉತ್ತರ ಬರೆಯಬೇಕಾಗಿಲ್ಲ. ನಿನಗೆ ನೀನೇ ಹೇಳಿಕೊಂಡರೆ ಸಾಕು.

ಅಪ್ಪನಿಗೆ ರಕ್ತದೊತ್ತಡದ ಗುಳಿಗೆ ತಪ್ಪಿಸಬೇಡ ಅನ್ನು. ಈ ಕಾಗದವನ್ನು ಅವರೂ ಓದಲಿ.

ಈಗಲೂ ನಿನ್ನ ಓದುಗಾರ್ತಿಯೇ ಆಗಿರುವ ಮಗಳು,
ಮೇಧಾ

ತಾ.ಕ.: ಸಹಿ ಹಾಕಿ ಎರಡು ಗಂಟೆಯಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಶನಿವಾರ ಇವರು ಹೊಸ ಬೀಗ ತಂದರು, ಮೊದಲಿನದಕ್ಕಿಂತ ದೊಡ್ಡದು. ಭಾನುವಾರ ಊರಿಗೆ ಹೊರಟ ಶ್ರೀಪ್ರಿಯಾ ಕುಂಟುತ್ತ ಅಡುಗೆಮನೆಗೆ ಬಂದು, "ಕೀಲಿ ಡಬ್ಬ್ಯಾಗ ಮೂರು ಚಾವಿ ಇದ್ವು ವೈನಿ. ಅಣ್ಣ ಎರಡ ಅಂತ ತಿಳದಾನ" ಅಂತ ಒಂದನ್ನು ನನ್ನ ಕೈಗೆ ಇಟ್ಟು ಮುಷ್ಟಿ ಮುಚ್ಚಿದಳು. ಕೀಲಿಕೈ ನಾಲ್ಕು ದಿನದಿಂದ ನನ್ನ ಹತ್ತಿರವೇ ಇದೆ ಅಮ್ಮ. ಗ್ರಿಲ್‌ನ ಸಂದಿಯಲ್ಲಿ ಕೈ ಹಾಕಿದರೆ ಬೀಗ ಸಿಗುತ್ತದೆ. ನಿನ್ನೆಯವರೆಗೂ ದಿನವೂ ಮುಟ್ಟಿ ನೋಡಿ ಒಳಗೆ ಬಂದು ಅಕ್ಕಿ ತೊಳೆದೆ. ಬಾಗಿಲು ತೆರೆದ ಮೇಲೆ ಹೆಂಗಸು ಏನು ಮಾಡುತ್ತಾಳೆಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಈಗ ಕುಳಿತಿರುವುದು ಸಂಡೂರಿನ ಬಸ್ ಸ್ಟ್ಯಾಂಡಿನಲ್ಲಿ. ಎಲ್ಲಿಗೆ ಹೋಗುತ್ತಿದ್ದೇನೆಂದು ಬರೆಯುವುದಿಲ್ಲ. ಬರೆದರೆ ನೀನು ಅವರಿಗೆ ಹೇಳುತ್ತೀ. ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುತ್ತಿರುವವಳು ನಾನೇ.