ಮೈಮರೆತು ಆಡಿದ ಮಾತು

ಬುಧವಾರ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ನೀನು ಕ್ಷೇಮವೆಂದು ಗೊತ್ತು. ನಿನ್ನ ನಾಟಕಕ್ಕೆ ಕೂರಲು ಜಾಗ ಸಿಗುತ್ತಿಲ್ಲವಂತೆ. ಫೋನಿನಲ್ಲಿ ಮಾತಾಡಿದರೆ ನೀನು ಗೆದ್ದುಬಿಡುತ್ತೀಯ, ಮಾತು ನಿನ್ನ ಕಸುಬು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗು ಉಸಿರಾಡದೆಯೇ ಹುಟ್ಟಿದ ಮೇಲೆ ನಾನು ಯಾರೊಂದಿಗೂ ಅದರ ಮಾತೆತ್ತಲಿಲ್ಲ. ಮಡಕೆ ಮಾಡುವ ತಿಗರಿಯ ಮುಂದೆ ಕೂತೆ. ಮಣ್ಣಿನ ಮುದ್ದೆ ಮೊದಮೊದಲು ಹಟ ಹಿಡಿದು ಓಲಾಡುತ್ತದೆ. ಎರಡೂ ಅಂಗೈ ಒತ್ತಿ ಕಾದರೆ ಯಾವುದೋ ಗಳಿಗೆಯಲ್ಲಿ ನಡುವಿಗೆ ಬರುತ್ತದೆ, ತಿರುಗುತ್ತಿದ್ದರೂ ನಿಂತಂತೆ ಕಾಣುತ್ತದೆ. ಆಮೇಲೆ ನಾನೂ ಇರುವುದಿಲ್ಲ. ಬೀದಿಯ ಗದ್ದಲ, ಬೆನ್ನುನೋವು, ಆಸ್ಪತ್ರೆಯ ವಾಸನೆ, ಯಾವುದೂ ಇರುವುದಿಲ್ಲ. ಎಚ್ಚರವಾದಾಗ ಹಲಗೆಯ ಮೇಲೆ ಹೂಜಿಗಳು ನಿಂತಿರುತ್ತಿದ್ದವು, ಯಾರೋ ಮಾಡಿಟ್ಟು ಹೋದ ಹಾಗೆ.

ತಿಗರಿಯಿದ್ದ ಆ ಕೋಣೆಗೆ, ಕಟ್ಟಿಕೊಂಡ ಗಂಡ ಎಂದು ನಮ್ಮವರನ್ನೂ ಬಿಟ್ಟುಕೊಂಡವಳಲ್ಲ. ನಿನ್ನನ್ನು ಬಿಟ್ಟೆ. "ಮನೇಲಿ ಬರೆಯೋಕಾಗ್ತಿಲ್ಲ ಕಣೇ, ಮೂಲೇಲಿ ಕೂತಿರ್ತೀನಿ. ನಾನು ಇಲ್ಲ ಅಂತ್ಲೇ ತಿಳ್ಕೋ" ಅಂದಿದ್ದೆ ನೀನು. ಹಾಗೇ ತಿಳಿದುಕೊಂಡೆ. ಚಳಿಗಾಲವೆಲ್ಲ ನೀನು ಕಿಟಕಿಯ ಪಕ್ಕ ಕೂತು ಬರೆದೆ. ಹೊರಡುವಾಗ ನನ್ನ ಹಣೆಗಂಟಿದ ಮಣ್ಣು ಒರೆಸಿ ಹೋಗುತ್ತಿದ್ದೆ. ಅಮ್ಮ ಇದ್ದಿದ್ದರೂ ಹೀಗೇ ಮಾಡುತ್ತಿದ್ದಳು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕಳೆದ ಶನಿವಾರ ನಾಟಕಕ್ಕೆ ಕರೆದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಪರದೆ ಸರಿದಾಗ ರಂಗದ ನಡುವೆ ತಿಗರಿ. ಅಕ್ಕ ನನ್ನ ಕೆಲಸವನ್ನು ಇಲ್ಲಿಗೆ ತಂದಳಲ್ಲ ಎಂದು ಹಿಗ್ಗಿದೆ. ಆಮೇಲೆ ಅದರ ಮುಂದೆ ಕೂತ ನಟಿ ಮಣ್ಣಿಗೆ ಕೈ ಹಚ್ಚಿ ಗೊಣಗತೊಡಗಿದಳು: "ಅಲ್ಲಾಡ್ಬೇಡ ಮರಿ, ಆಯ್ತು, ಇನ್ನೊಂದೇ ಚೂರು. ಕಿವಿಗೆ ನೀರು ಹೋಗಲ್ಲ, ಅಮ್ಮ ಕೈ ಅಡ್ಡ ಇಟ್ಟಿದೀನಿ."

ಕೆಲಸ ಮಾಡುವಾಗ ನಾನು ಮಾತಾಡುತ್ತೇನೆಂಬುದೇ ನನಗೆ ಗೊತ್ತಿರಲಿಲ್ಲ. ಆ ಮಾತನ್ನು ಮೊದಲು ಗುರುತಿಸಿದ್ದು ನನ್ನ ಕೈಗಳು; ಮಡಿಲಲ್ಲಿದ್ದವು ತಾವಾಗಿಯೇ ಬಾಗಿ, ತಲೆಯೊಂದನ್ನು ಆನಿಸಿಕೊಂಡಂತೆ ನಿಂತವು. ಪಕ್ಕದ ಹೆಂಗಸು ಮೂಗೊರೆಸಿಕೊಂಡು, "ಎಷ್ಟು ಚೆನ್ನಾಗಿ ಬರ್ದಿದಾರೆ ಅಲ್ವಾ" ಅಂದಳು. ಹೌದು ಅಂದೆ.

ಆಟ ಮುಗಿದ ಮೇಲೆ ಬಣ್ಣ ಹಚ್ಚುವ ಕೋಣೆಗೆ ಬಂದು, ಅದು ನನ್ನ ಮಾತಲ್ಲವೇ ಎಂದು ಕೇಳಿದೆನಲ್ಲ, ನೀನು ಮುಖ ಕೂಡ ತಪ್ಪಿಸಲಿಲ್ಲ. "ನೀನು ಮೈಮರೆತು ಆಡಿದ್ದು, ನಿಂಗೇ ನೆನಪಿಲ್ಲ. ನಾನು ಬರ್ಕೊಳ್ದೆ ಇದ್ದಿದ್ರೆ ಗಾಳೀಲಿ ಹೋಗ್ತಿತ್ತು" ಅಂದೆ. ಗಾಳಿಯಲ್ಲಿ ಹೋಗಲೆಂದೇ ಆಡಿದ್ದು, ಅಕ್ಕಾ. ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುತ್ತಾರೆ. ಆಮೇಲೆ ಆ ಹೊಲದ ಗತಿ ಏನಾಯಿತೆಂದು ಯಾರೂ ಹೇಳುವುದಿಲ್ಲ.

ನಾನು ಹೇಳುತ್ತೇನೆ. ದಿನಾ ತಿಗರಿಗೆ ಕೂರುತ್ತೇನೆ. ಮಣ್ಣು ನಡುವಿಗೆ ಬರುವ ಗಳಿಗೆಗೆ ಸರಿಯಾಗಿ ನನ್ನ ಬಾಯಿಗೆ ನಾನೇ ಕಿವಿಗೊಡುತ್ತೇನೆ. ತುಟಿ ಅಲುಗಿತೇ? ಕೈ ಬಿಗಿಯುತ್ತದೆ, ಎದ್ದ ಮಣ್ಣು ಓರೆಯಾಗಿ ಕುಸಿಯುತ್ತದೆ. ನಿನ್ನೆ ಹಲ್ಲಿನ ನಡುವೆ ಕರವಸ್ತ್ರ ಕಚ್ಚಿಕೊಂಡು ಕೂತೆ. ಹೂಜಿಯೇನೋ ಎದ್ದಿತು. ಆದರೆ ಅಷ್ಟೂ ಹೊತ್ತು ನಾನು ಅಲ್ಲೇ ಇದ್ದೆ, ಎಲ್ಲವನ್ನೂ ನೆನೆಯುತ್ತಾ. ಹೋಗಿ ಇರಲು ನನಗಿದ್ದದ್ದು ಆ ಮೈಮರೆವೆಂಬ ಒಂದೇ ಜಾಗ. ಈಗ ದಾರಿ ಸಿಗುತ್ತಿಲ್ಲ.

ಕೋಣೆಯ ಬೀಗ ಬದಲಿಸಿದ್ದೇನೆ. ನಿನ್ನ ಕುರ್ಚಿಯನ್ನು ಎದುರುಮನೆಯ ದರ್ಜಿಗೆ ಕೊಟ್ಟೆ. ಒಂದು ಕಾಲು ಕುಂಟು ಎಂದು ಸಂಜೆಗೇ ವಾಪಸು ತಂದಿಟ್ಟ. ಅಂಗಳದಲ್ಲಿ ಬಿದ್ದಿದೆ, ಬೇಕಿದ್ದರೆ ಯಾರನ್ನಾದರೂ ಕಳಿಸಿ ತರಿಸಿಕೋ. ನೀನೇ ಬರಬೇಡ.

ಇಂತಿ,
ನಿನ್ನ ತಂಗಿ

ಮತ್ತೆ: ನಮ್ಮವರು ಈ ಶನಿವಾರದ ಆಟಕ್ಕೆ ಟಿಕೆಟ್ ತಂದಿದ್ದಾರೆ. "ನಿಮ್ಮಕ್ಕನ ನಾಟಕ, ನೋಡ್ದೆ ಇದ್ರೆ ಹೇಗೆ" ಅನ್ನುತ್ತಾರೆ. ಉಳಿದದ್ದನ್ನೆಲ್ಲ ಅವರು ನಿನ್ನ ಕಲ್ಪನೆ ಅಂದುಕೊಳ್ಳಬಹುದು. ಆದರೆ ಕೊನೆಯಲ್ಲಿ ಆ ನಟಿ ಮಗುವನ್ನು ಹೆಸರು ಹಿಡಿದು ಕೂಗುತ್ತಾಳಲ್ಲ, ಆ ಹೆಸರೊಂದನ್ನು ಬದಲಿಸು. ಹೆಸರಿಡುವ ಮೊದಲೇ ಮಗು ಹೋಯಿತೆಂದು ಅವರು ನಂಬಿದ್ದಾರೆ. ನಾನು ಇಟ್ಟಿದ್ದೆ. ಅದು ಅವರ ತಾಯಿಯ ಹೆಸರು.